ಗಾಜಿನೊಳಗಿನ ಬೆಳವದ ಪುಕ್ಕ

ಸಕಲೇಶಪುರದ ಹತ್ತಿರ, ಆನೇಮಹಲ್ಲಿನ ಹೆದ್ದಾರಿಯಿಂದ ಒಳಕ್ಕಿದ್ದ ರಂಗಸ್ವಾಮಿಗೌಡರ ಎಸ್ಟೇಟಿನಲ್ಲಿ ಹಕ್ಕಿಗಳ ವಿಷಯ ಬಲ್ಲವರು ಒಟ್ಟು ಮೂವರಿದ್ದರು. ಒಬ್ಬರು ಸ್ವತಃ ಗೌಡರು. ಅವರ ಬಳಿ ಬೈನಾಕ್ಯುಲರ್ ಇತ್ತು. ಇನ್ನೊಬ್ಬರು ಹಾಸನದಿಂದ ಆಗಾಗ ಬಂದು ಉಳಿಯುತ್ತಿದ್ದ ಸಿದ್ದಬಸಪ್ಪ ಮೇಷ್ಟ್ರು. ಅವರ ಬಳಿ ದಪ್ಪ ಪುಸ್ತಕವಿತ್ತು. ಮೂರನೆಯವಳು ಲೈನಿನಲ್ಲಿದ್ದ, ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಯಲ್ಲಿದ್ದ ಭೂತಮ್ಮ. ಅವಳ ಬಳಿ ಎರಡು ಕೈ ಬಿಟ್ಟು ಬೇರೇನೂ ಇರಲಿಲ್ಲ. ಹಾಗಾಗಿ ಬಲ್ಲವರು ಇಬ್ಬರೇ ಎಂದು ಎಲ್ಲರೂ ತಿಳಿದುಕೊಂಡಿದ್ದರು.

ಭೂತಮ್ಮ ಮದುವೆಯಾಗಿ ಈ ಎಸ್ಟೇಟಿಗೆ ಬಂದು ನಲವತ್ತು ವರ್ಷವಾಗಿತ್ತು. ಗಂಡ ಲಕ್ಕಯ್ಯ ಗೌಡರ ಜೊತೆ ಶಿಕಾರಿಗೆ ಹೋಗುವವನು. ಪೊದೆ ಬಡಿದು ಹಕ್ಕಿ ಎಬ್ಬಿಸುವುದು, ಬಿದ್ದದ್ದನ್ನು ಹುಡುಕಿ ಗೋಣಿಚೀಲಕ್ಕೆ ತುಂಬುವುದು, ಗುರಿ ತಪ್ಪಿದಾಗ 'ಗಾಳಿ ಜಾಸ್ತಿ ಐತೆ ಗೌಡ್ರೇ' ಎನ್ನುವುದು, ಇವು ಅವನ ಕೆಲಸ. ಮೂರನೆಯದು ಬಹಳ ಸಲ ಮಾಡಬೇಕಾಗಿ ಬರುತ್ತಿತ್ತು. ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಚೀಲ ಬಂಗಲೆಯ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಬಂದು ಬೀಳುತ್ತಿತ್ತು. ಗೌಡರಿಗೆ ಹೊಡೆಯುವುದೆಂದರೆ ಪ್ರಾಣ, ತಿನ್ನುವುದೆಂದರೆ ಇನ್ನೂ ಪ್ರಾಣ. ಇವೆರಡರ ನಡುವೆ ಇರುವ ಕೆಲಸಕ್ಕೆ ಮಾತ್ರ ಅವರ ಮನೆತನದಲ್ಲಿ ಯಾರೂ ಹುಟ್ಟಿರಲಿಲ್ಲ. ಅದು ಭೂತಮ್ಮನ ಪಾಲಿಗೆ ಬಂತು.

ಸುಮಾರು ಇಪ್ಪತ್ತೆಂಟು ವರ್ಷ ಅವಳು ಆ ಕಲ್ಲಿನ ಮೇಲೆ ಕೂತು ಪುಕ್ಕ ಕಿತ್ತಳು. ಕಾಡುಕೋಳಿಗೆ ಬಿಸಿನೀರು ಬೇಕು, ಇಲ್ಲದಿದ್ದರೆ ಒಂದೊಂದು ಪುಕ್ಕವೂ ಹಟ ಹಿಡಿಯುತ್ತದೆ. ಪಾರಿವಾಳದ ಜಾತಿಯ ಬೆಳವಕ್ಕೆ ನೀರು ಬೇಡ. ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿದರೆ ಹಿಡಿಹಿಡಿಯಾಗಿ ಕಳಚಿಕೊಳ್ಳುತ್ತದೆ. ಆದರೆ ಅದರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಗೌಡರ ಹೆಂಡತಿ ಚೆಲುವಮ್ಮನವರ ಬಾಯಿಗೆ ಬೀಳಬೇಕಾಗುತ್ತದೆ. ಬೆಳವ, ಪಾರಿವಾಳ ಇವುಗಳ ಪುಕ್ಕದಲ್ಲಿ ನುಣುಪಾದ ಬಿಳಿ ಹುಡಿ ಇರುತ್ತದೆ. ಹತ್ತು ಬೆಳವ ಕಿತ್ತರೆ ಮೊಣಕೈವರೆಗೂ ಹಿಟ್ಟಿನ ಗಿರಣಿಯಿಂದ ಬಂದವಳ ಹಾಗೆ ಕಾಣುತ್ತಿದ್ದಳು. ಇಷ್ಟನ್ನು ಅವಳು ಕಲಿಯಬೇಕೆಂದು ಕಲಿತದ್ದಲ್ಲ. ಕೈ ಕಲಿಯಿತು, ಅವಳು ಜೊತೆಗಿದ್ದಳು, ಅಷ್ಟೆ. ಕಣ್ಣು ಮುಚ್ಚಿಸಿ ಒಂದು ಪುಕ್ಕ ಕೊಟ್ಟರೆ ಯಾವ ಹಕ್ಕಿಯದು, ರೆಕ್ಕೆಯದೋ ಬಾಲದ್ದೋ ಹೊಟ್ಟೆಯದೋ ಎಂದು ಹೇಳಬಲ್ಲವಳಾದಳು. ಇದಕ್ಕೆ ಯಾವ ಕಾಲೇಜೂ ಸರ್ಟಿಫಿಕೇಟು ಕೊಡುವುದಿಲ್ಲ.

ಹೊಡೆಯಬಾರದು ಎಂಬ ಕಾನೂನು ಬಂದ ಮೇಲೂ ಅದು ದೆಹಲಿಯಿಂದ ಈ ಗುಡ್ಡಗಳವರೆಗೆ ನಡೆದು ಬರಲು ಕೆಲವು ವರ್ಷ ಹಿಡಿಯಿತು. ಕೊನೆಗೂ ಬಂತು. ಲಕ್ಕಯ್ಯ ತೀರಿಕೊಂಡ, ಗೋಣಿಚೀಲ ಬರುವುದು ನಿಂತಿತು, ಭೂತಮ್ಮ ಬಂಗಲೆ ಅಡುಗೆಮನೆಯ ಕೆಲಸದಿಂದ ಕಣದ ಕೆಲಸಕ್ಕೆ ಬಂದಳು. ಗೌಡರು ಮಾತ್ರ ಸುಮ್ಮನೆ ಕೂರುವ ಆಸಾಮಿಯಲ್ಲ. ೨೦೦೧ರಲ್ಲಿ ಅವರು ನಿಸರ್ಗಪ್ರೇಮಿಯಾದರು. ಕಾಫಿ ದರ ನೆಲ ಕಚ್ಚಿದ್ದೂ, ಎಸ್ಟೇಟಿನ ದಾರಿಯಲ್ಲಿ 'ಹೋಂ ಸ್ಟೇ' ಎಂಬ ಬೋರ್ಡು ಎದ್ದು ನಿಂತದ್ದೂ ಅದೇ ವರ್ಷ. ಬಂಗಲೆಯ ಹಾಲಿನ ಗೋಡೆಯಲ್ಲಿದ್ದ ಶಿಕಾರಿಯ ಕೊಂಬುಗಳು ಅಟ್ಟ ಸೇರಿದವು. ಅವು ಇದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿದಿದ್ದರಿಂದ ಅಲ್ಲಿಗೆ ಹಕ್ಕಿಗಳ ಕ್ಯಾಲೆಂಡರುಗಳನ್ನು ನೇತು ಹಾಕಿದರು. ರಾತ್ರಿ ಊಟಕ್ಕೆ ಕೂತ ಬೆಂಗಳೂರಿನ ಅತಿಥಿಗಳಿಗೆ ಗೌಡರು 'ನಮ್ಮ ವಂಶದಲ್ಲೇ ಪ್ರಾಣಿಪಕ್ಷಿ ಅಂದ್ರೆ ಒಂಥರಾ ಇದು' ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. ಅದು ಸುಳ್ಳೇನಲ್ಲ. ಯಾವ ತರದ ಇದು ಎಂದು ಬಿಡಿಸಿ ಹೇಳುತ್ತಿರಲಿಲ್ಲ, ಅಷ್ಟೆ.

೨೦೦೩ರ ನವೆಂಬರಿನಲ್ಲಿ ಒಬ್ಬ ಅತಿಥಿ ಹೆಂಗಸು ಬೆಳಿಗ್ಗೆ ವಾಕಿಂಗ್ ಹೋದವಳು ಒಂದು ಪುಕ್ಕ ಹಿಡಿದುಕೊಂಡು ವಾಪಸು ಬಂದಳು. ಲೈನಿನ ಹಿಂದೆ ಹಳ್ಳದ ಪಕ್ಕ ಒಂದು ತುಂಡು ಕಾಡಿತ್ತು; ಅದರೊಳಗಿನ ಕಾಲುದಾರಿಯಲ್ಲಿ ಸಿಕ್ಕಿತಂತೆ. ಅರ್ಧ ಗೇಣಿಗಿಂತ ತುಸು ಉದ್ದ, ಬುಡದಿಂದ ನಡುವಿನವರೆಗೆ ಕಪ್ಪು, ಅಲ್ಲಿಂದ ತುದಿಯವರೆಗೆ ಅಚ್ಚ ಬಿಳಿ. ಅವತ್ತು ಸಿದ್ದಬಸಪ್ಪ ಮೇಷ್ಟ್ರು ಬಂಗಲೆಯಲ್ಲೇ ಇದ್ದರು. ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಒಳ್ಳೆಯ ಮನುಷ್ಯ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವರಲ್ಲ, ಹಕ್ಕಿಯನ್ನಂತೂ ಕೈಯಲ್ಲಿ ಹಿಡಿದವರೇ ಅಲ್ಲ. ಅವರು ಪುಸ್ತಕ ತೆರೆದರು, ಕನ್ನಡಕ ಬದಲಿಸಿದರು, ಮತ್ತೆ ಪುಸ್ತಕ ನೋಡಿದರು. ಬಾಲದಂಚಿನಲ್ಲಿ ಕಪ್ಪು ಬಿಳಿ ಇರುವ, ಹೊಟ್ಟೆ ಕೆಂಪಗಿರುವ, ದಟ್ಟ ಕಾಡಿನಲ್ಲಿ ಮಾತ್ರ ಇರುವ ಟ್ರೋಗನ್ ಎಂಬ ಹಕ್ಕಿಯ ಚಿತ್ರದ ಮೇಲೆ ಅವರ ಬೆರಳು ನಿಂತಿತು.

'ಇರಬಹುದು' ಎಂದರು ಮೇಷ್ಟ್ರು. ಅವರು ಹೇಳಿದ್ದು ಅಷ್ಟೇ.

'ಟ್ರೋಗನ್ನಾ! ಅದನ್ನ ನೋಡೋಕೆ ಫಾರಿನ್ನಿಂದ ಬರ್ತಾರೆ ಕಣ್ರೀ!' ಎಂದು ಗೌಡರು ಎದ್ದು ನಿಂತರು. ಮೇಷ್ಟ್ರ 'ಇರಬಹುದು' ಗೌಡರ ಕಿವಿಯಿಂದ ಬಾಯಿಗೆ ಬರುವಷ್ಟರಲ್ಲಿ 'ಇದೆ' ಆಗಿತ್ತು. ಮಾರನೆಯ ದಿನ ಪುಕ್ಕ ಸಕಲೇಶಪುರಕ್ಕೆ ಹೋಗಿ ಮರದ ಚೌಕಟ್ಟು, ಗಾಜು ಹಾಕಿಸಿಕೊಂಡು ವಾಪಸು ಬಂತು. ಹಾಲಿನಲ್ಲಿ, ಗೌಡರ ಅಪ್ಪನ ಫೋಟೋಕ್ಕಿಂತ ನಾಲ್ಕು ಬೆರಳು ಮೇಲೆ, ಅದಕ್ಕೆ ಜಾಗ ಸಿಕ್ಕಿತು. ಗೌಡರ ಅಪ್ಪನನ್ನು ನೋಡಲು ಫಾರಿನ್ನಿಂದ ಯಾರೂ ಬರುತ್ತಿರಲಿಲ್ಲ.

ಒಂದೇ ವಾರದಲ್ಲಿ ಆ ತುಂಡು ಕಾಡಿಗೆ ಎರಡೂ ಕಡೆ ತಂತಿಬೇಲಿ, ಕಬ್ಬಿಣದ ಗೇಟು, ಸರಪಳಿ, ಬೀಗ ಬಂದವು. 'ಅಪರೂಪದ ಪಕ್ಷಿಗಳ ವಾಸಸ್ಥಾನ. ಪ್ರವೇಶವಿಲ್ಲ' ಎಂದು ಹಸಿರು ಬೋರ್ಡು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಿಡ್ಡಯ್ಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡತೊಡಗಿದ.

ಲೈನಿನವರಿಗೆ ಆ ಕಾಲುದಾರಿ ಬಿಟ್ಟರೆ ಬೇರೆ ಹತ್ತಿರದ ದಾರಿ ಇರಲಿಲ್ಲ. ಅದರಲ್ಲಿ ಇಪ್ಪತ್ತು ನಿಮಿಷ ನಡೆದರೆ ಆನೇಮಹಲ್ಲಿನ ಬಸ್ ಸ್ಟಾಪು. ಈಗ ಎಸ್ಟೇಟಿನ ಜೀಪು ರಸ್ತೆಯಲ್ಲಿ ಸುತ್ತಿ, ಹೆದ್ದಾರಿಗೆ ಬಂದು, ಲಾರಿಗಳ ಗಾಳಿಗೆ ಸೆರಗು ಹಿಡಿದುಕೊಂಡು ಅಂಚಿನಲ್ಲೇ ಹೋದರೆ ಒಂದೂಕಾಲು ಗಂಟೆ. ಆಸ್ಪತ್ರೆ, ಸಂತೆ, ರೇಷನ್ನು ಎಲ್ಲಕ್ಕೂ ಅಷ್ಟೇ. ಭೂತಮ್ಮನ ಬಲ ಮೊಣಕಾಲು ಆ ಹೊತ್ತಿಗಾಗಲೇ ಮಾತು ಕೇಳುವುದನ್ನು ಬಿಟ್ಟಿತ್ತು. ಆದರೆ ಅವಳಿಗೆ ಚಿಂತೆ ತನ್ನ ಕಾಲಿನದಲ್ಲ, ಮೇಘಾಳದು.

ಮೇಘಾ ಆಲೂರಿನ ಕಡೆಗೆ ಕೊಟ್ಟಿದ್ದ ಮಗಳ ಮಗಳು. ಕಾಲೇಜಿಗೆ ಹತ್ತಿರವೆಂದು ಅಜ್ಜಿಯ ಮನೆಯಲ್ಲಿದ್ದು ಸಕಲೇಶಪುರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಏಳೂ ನಲವತ್ತರ ಬಸ್ಸು ಸಿಕ್ಕರೆ ಮೊದಲ ಪೀರಿಯಡ್ಡು ಸಿಗುತ್ತದೆ. ಅದು ತಪ್ಪಿದರೆ ಮುಂದಿನ ಬಸ್ಸು ಒಂದು ಗಂಟೆ ಬಿಟ್ಟು. ಗೇಟು ಬಂದ ಮೇಲೆ ಅವಳು ಕತ್ತಲಲ್ಲೇ ಎದ್ದು, ಅಡುಗೆ ಮುಗಿಸಿ, ಓಡಿ ಹೋಗಿ, ವಾರದಲ್ಲಿ ಮೂರು ದಿನ ಬಸ್ಸಿನ ಹಿಂಭಾಗವನ್ನು ಮಾತ್ರ ನೋಡುತ್ತಿದ್ದಳು. ಜನವರಿಯಲ್ಲಿ ಕಾಲೇಜಿನಿಂದ ಕಾಗದ ಬಂತು: ಹಾಜರಾತಿ ಸಾಲದು, ಇದೇ ತಿಂಗಳಲ್ಲಿ ಸರಿಮಾಡಿಕೊಳ್ಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವರ ಮನೆತನದಲ್ಲಿ ಪರೀಕ್ಷೆ ಎಂಬುದಕ್ಕೆ ಇಷ್ಟು ದೂರ ಬಂದವಳು ಅವಳೊಬ್ಬಳೇ. ಕಾಗದ ಓದಿ ಹೇಳುವಾಗ ಮೇಘಾ ಅಳಲಿಲ್ಲ. ಅಳದೆ ಇದ್ದದ್ದನ್ನು ನೋಡಿ ಭೂತಮ್ಮ ಸೆರಗು ಸರಿಮಾಡಿಕೊಂಡು ಹೊರಟಳು.

ಅವಳು ಮೊದಲು ಹೋದದ್ದು ಗಿಡ್ಡಯ್ಯನ ಹತ್ತಿರ. 'ಹುಡ್ಗೀಗೆ ಒಬ್ಳಿಗಾದ್ರೂ ಬುಡಪ್ಪ, ಹೋಗಿ ಬತ್ತಾಳೆ.'

'ಅಪರೂಪದ ಹಕ್ಕಿ ಐತೆ ಕಣವ್ವ. ಜನ ಓಡಾಡಿದ್ರೆ ಹೆದರ್ಕೊಂಡು ಹೋಗ್ಬುಡ್ತದೆ' ಎಂದ ಗಿಡ್ಡಯ್ಯ. ಅತಿಥಿಗಳು ಕ್ಯಾಮೆರಾ ಹಿಡಿದು ಆ ಕಾಡಿಗೆ ಹಿಂಡುಗಟ್ಟಿ ಹೋಗುತ್ತಿದ್ದರು. ಅಪರೂಪದ ಹಕ್ಕಿಗೆ ಬಾಡಿಗೆ ಕೊಟ್ಟವರನ್ನು ಕಂಡರೆ ಹೆದರಿಕೆ ಇರಲಿಲ್ಲವೆಂದು ಕಾಣುತ್ತದೆ.

'ಯಾವ ಹಕ್ಕಿಯಪ್ಪ ಅದು?'

'ಹಾಲಲ್ಲಿ ಪುಕ್ಕ ನೇತಾಕವ್ರಲ್ಲ, ಅದು.'

ಭೂತಮ್ಮನಿಗೆ ಹಾಲಿನೊಳಗೆ ಹೋಗುವ ಕೆಲಸವಿರಲಿಲ್ಲ. ಎರಡು ದಿನ ಬಿಟ್ಟು ಸೌದೆ ಕೇಳುವ ನೆಪದಲ್ಲಿ ಬಂಗಲೆಗೆ ಹೋದಾಗ ಬಾಗಿಲಿನಿಂದಲೇ ಗೋಡೆಯ ಮೇಲಿನ ಗಾಜು ಕಾಣಿಸಿತು. ನೋಡಿದಳು. ಮತ್ತೊಮ್ಮೆ ನೋಡಿದಳು. ಸಾವಿರಾರು ಸಲ ಕಿತ್ತು ಗೊಬ್ಬರದ ಗುಂಡಿಗೆ ಎಸೆದ ವಸ್ತು ಅದು. ಯಾವ ಗಾಜು ಹಾಕಿದರೂ ಬೆಳವದ ಬಾಲದ ಅಂಚಿನ ಪುಕ್ಕ ಬೆಳವದ್ದೇ.

'ಅಮ್ಮಾವ್ರೇ, ಅದು ಬೆಳವದ್ದು' ಎಂದಳು ಚೆಲುವಮ್ಮನವರಿಗೆ, ಅಡುಗೆಮನೆಯಲ್ಲಿ, ತಗ್ಗಿದ ದನಿಯಲ್ಲಿ.

ಚೆಲುವಮ್ಮ ಹಾಲಿನ ಕಡೆ ತಿರುಗಿ ನೋಡಿ ಬಾಗಿಲು ಮುಚ್ಚಿದರು. 'ನಂಗೂ ಗೊತ್ತು ಕಣೇ. ನಂಗೇನು ಕಣ್ಣಿಲ್ವಾ? ಸುಮ್ನಿರು ಮಾರಾಯ್ತಿ. ಯಾರಾದ್ರೂ ನಿಂಗೆ ಹೆಂಗ್ ಗೊತ್ತು ಅಂತ ಕೇಳಿದ್ರೆ ಏನ್ ಹೇಳ್ತೀಯ? ಇಲ್ಲಿ ಕೂತ್ಕೊಂಡು ವಾರಕ್ಕೆ ಇಪ್ಪತ್ತು ಕೀಳ್ತಿದ್ದೆ ಅಂತೀಯಾ?'

ಭೂತಮ್ಮನಿಗೆ ಆಗಲೇ ಅರ್ಥವಾದದ್ದು. ಅವಳು ಬಲ್ಲದ್ದನ್ನು ಹೇಳಬಹುದು, ಎಲ್ಲಿಂದ ಬಲ್ಲೆ ಎಂದು ಹೇಳುವ ಹಾಗಿಲ್ಲ. ಎಲ್ಲಿಂದ ಎಂದು ಹೇಳದಿದ್ದರೆ ಬಲ್ಲಳು ಎಂದು ಯಾರೂ ನಂಬುವುದಿಲ್ಲ. ಹಿತ್ತಲಿನ ಗುಟ್ಟು ಹಿತ್ತಲಲ್ಲೇ ಇರಬೇಕು, ಅದಕ್ಕಾಗಿ ತನ್ನ ಮೊಮ್ಮಗಳು ಹೆದ್ದಾರಿಯ ಅಂಚಿನಲ್ಲಿ ಓಡಬೇಕು. ಇದೆಂಥ ನ್ಯಾಯವೋ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟನ್ನು ಅಲ್ಲಿ ಇಡಲು ಜಾಗವಿರಲಿಲ್ಲವಾದ್ದರಿಂದ ಸೌದೆಯ ಜೊತೆ ಹೊತ್ತುಕೊಂಡು ಮನೆಗೆ ಬಂದಳು.

ಜನವರಿ ಮೂರನೆಯ ಭಾನುವಾರ ಬಂಗಲೆಯಲ್ಲಿ ಔತಣ. ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಬರುವವರಿದ್ದರು. ಅವರಿಂದ ಅಪರೂಪದ ಹಕ್ಕಿಗೆ ಒಂದು ಒಪ್ಪಿಗೆಯ ಮಾತು ಸಿಕ್ಕರೆ ಹೋಂಸ್ಟೇಯ ಹೊಸ ಕರಪತ್ರಕ್ಕೆ ಹಾಕಬಹುದೆಂಬುದು ಗೌಡರ ಲೆಕ್ಕಾಚಾರ. ಸಿದ್ದಬಸಪ್ಪ ಮೇಷ್ಟ್ರೂ ಬಂದಿದ್ದರು; ಹಾಸನದ ಒಂದು ಪತ್ರಿಕೆಗೆ ಲೇಖನ ಬರೆಯುವವರಿದ್ದರು. ಅಕ್ಕಿರೊಟ್ಟಿಗೆ ಕೈ ಬೇಕಿತ್ತು, ಭೂತಮ್ಮನಿಗೆ ಕರೆ ಹೋಯಿತು. ಊಟಕ್ಕೆ ಮೊದಲು ಕಾಫಿ ಲೋಟಗಳ ತಟ್ಟೆ ಹಿಡಿದು ಅವಳು ಹಾಲಿಗೆ ಬಂದಾಗ ಮೇಜಿನ ಮೇಲೆ ಚೌಕಟ್ಟು ಬಿಚ್ಚಿತ್ತು. ಮೇಷ್ಟ್ರು ಸ್ಕೇಲು ಇಟ್ಟು ಪುಕ್ಕ ಅಳೆಯುತ್ತಿದ್ದರು. ಮುಖದಲ್ಲಿ ಸಮಾಧಾನವಿರಲಿಲ್ಲ. ಪ್ರಾಮಾಣಿಕ ಮನುಷ್ಯ, ಪಾಪ. ಎರಡು ತಿಂಗಳಿಂದ ತಮ್ಮ 'ಇರಬಹುದು' ಅವರ ನಿದ್ದೆ ಕೆಡಿಸಿತ್ತು.

'ಉದ್ದ ಸಾಲೋದಿಲ್ಲವಲ್ಲ ಗೌಡ್ರೇ' ಎಂದರು.

'ಮರಿ ಇರಬಹುದು' ಎಂದರು ಗೌಡರು.

ಅಧಿಕಾರಿ ಕಾಫಿ ತೆಗೆದುಕೊಂಡು 'ಇಷ್ಟಕ್ಕೂ ಈ ಭಾಗದಲ್ಲಿ ಆ ಹಕ್ಕೀನ ಯಾರಾದ್ರೂ ಕಣ್ಣಲ್ಲಿ ನೋಡಿದಾರಾ?' ಎಂದು ಕೇಳಿದರು. ಸುಮ್ಮನೆ, ಲೋಕಾಭಿರಾಮಕ್ಕೆ ಕೇಳಿದ ಮಾತು.

ಭೂತಮ್ಮ ತಟ್ಟೆಯನ್ನು ಕೆಳಗಿಟ್ಟಳು. 'ಅದು ಬೆಳವದ್ದು, ಬುದ್ಧೀ' ಎಂದಳು.

ಗೌಡರು ನಕ್ಕರು. ದೊಡ್ಡ ಮನುಷ್ಯರು ಮಾತು ನಿಲ್ಲಿಸಲು ನಗುವ ನಗು ಅದು. 'ಏ ಭೂತಮ್ಮ, ಒಳಗ್ ಹೋಗು. ರೊಟ್ಟಿ ಸೀದೋಗ್ತವೆ.'

ಆದರೆ ಮೇಷ್ಟ್ರು ಸ್ಕೇಲು ಬಿಟ್ಟು ತಲೆ ಎತ್ತಿದ್ದರು. 'ಬೆಳವ ಅಂದ್ರೆ, ಕತ್ತಿನ ಮೇಲೆ ಚುಕ್ಕೆ ಇರೋ ಬೆಳವನಾ? ನಮ್ಮ ಮನೆ ಮಾಡ್ ಮೇಲೂ ಕೂರುತ್ತಲ್ಲ? ಹೇಗೆ ಹೇಳ್ತೀರಮ್ಮ?'

ಯಾರೋ ತನ್ನನ್ನು 'ಹೇಳ್ತೀರಮ್ಮ' ಎಂದದ್ದು ಭೂತಮ್ಮನಿಗೆ ಧೈರ್ಯ ಕೊಟ್ಟಿತು. ಅವಳು ಪುಕ್ಕವನ್ನು ಎತ್ತಿಕೊಂಡಳು. ಕೈಗೆ ಗುರುತಿನ ಕೆಲಸ. ಮೇಷ್ಟ್ರ ಕಪ್ಪು ಛತ್ರಿ ಗೋಡೆಗೆ ಒರಗಿತ್ತು. ಅದರ ಬಟ್ಟೆಯ ಮೇಲೆ ಪುಕ್ಕವನ್ನು ಎರಡು ಸಲ ಒರೆಸಿದಳು. ಬೂದಿ ಎಳೆದ ಹಾಗೆ ಬಿಳಿ ಗೆರೆ ಮೂಡಿತು.

'ನೋಡಿ, ಹುಡಿ. ಬೆಳವ, ಪಾರ್ವಾಳ ಇವಕ್ಕೇ ಹಿಂಗಿರೋದು. ಬೇರೆ ಹಕ್ಕೀದು ಎಷ್ಟ್ ಒರ್ಸಿದ್ರೂ ಬರಾಕಿಲ್ಲ. ಇನ್ನು ಇದು ಬಾಲದ ಅಂಚಿಂದು. ಬಾಲದ ನಡೂಮದ್ಯದ್ದು ಕಂದು ಬಣ್ಣ ಇರ್ತವೆ, ಅಂಚಿಗೆ ಹೋದಂಗೆಲ್ಲ ಕಪ್ಪು ಬಿಳಿ. ಕೂತಿದ್ದಾಗ ಕಾಣ್ಸಾಕಿಲ್ಲ. ಇಳಿಯೋವಾಗ ಬಾಲ ಬಿಚ್ತದಲ್ಲ, ಆಗ ಕಾಣ್ತದೆ.' ಅಷ್ಟು ಹೇಳಿ ಕಿಟಕಿಯ ಹತ್ತಿರ ಹೋದಳು. 'ಅಗೋ ಅಲ್ಲಿ.'

ಕಣದ ಅಂಚಿನಲ್ಲಿ ಭತ್ತ ಹರಡಿತ್ತು. ನಾಲ್ಕೈದು ಬೆಳವಗಳು ಅದರಲ್ಲಿ ಮೇಯುತ್ತಿದ್ದವು. ಅವು ಅಲ್ಲಿಗೆ ದಿನಾ ಬರುತ್ತಿದ್ದವು. ಅವನ್ನು ನೋಡಲು ಯಾರೂ ಫಾರಿನ್ನಿಂದ ಬರುವುದಿಲ್ಲವಾದ್ದರಿಂದ ಬೈನಾಕ್ಯುಲರು ಆ ಕಡೆ ತಿರುಗಿರಲಿಲ್ಲ. ಸಿಲ್ವರ್ ಓಕ್ ಮರದಿಂದ ಇನ್ನೊಂದು ಬೆಳವ ಜಾರಿ ಬಂತು. ನೆಲ ಮುಟ್ಟುವ ಮುಂಚೆ ಬಾಲ ಬಿಚ್ಚಿತು. ಎರಡೂ ಅಂಚಿನಲ್ಲಿ ಕಪ್ಪು, ಅದರಾಚೆ ಬಿಳಿ. ಹಾಲಿನಲ್ಲಿದ್ದವರೆಲ್ಲ ಅದನ್ನು ನೋಡಿದರು. ಮೇಷ್ಟ್ರು ಪುಸ್ತಕದಲ್ಲಿ ಬೆಳವದ ಪುಟ ಹುಡುಕಿ ತೆಗೆದು, ಓದಿ, ಜೋರಾಗಿ ನಕ್ಕುಬಿಟ್ಟರು. 'ತಪ್ಪು ನನ್ನದೇ ಗೌಡ್ರೇ. ಈ ಪುಟ ಯಾವತ್ತೂ ತೆರೆದೇ ಇರ್ಲಿಲ್ಲ. ಇದನ್ನ ಯಾರು ನೋಡ್ತಾರೆ ಅಂತ!'

ಆಮೇಲೆ ಭೂತಮ್ಮನ ಕಡೆ ತಿರುಗಿದರು. ಕಣ್ಣಲ್ಲಿ ನಿಜವಾದ ಮೆಚ್ಚುಗೆಯಿತ್ತು. 'ಅಲ್ಲಮ್ಮ, ಮೂವತ್ತು ವರ್ಷ ಪಾಠ ಮಾಡಿದ ನನಗೇ ಗೊತ್ತಿಲ್ಲ. ಪುಕ್ಕದ ಹುಡಿ, ಬಾಲದ ನಡು, ಅಂಚು, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತಾಯ್ತು?'

ಅಡುಗೆಮನೆಯ ಬಾಗಿಲಲ್ಲಿ ಚೆಲುವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅಧಿಕಾರಿ ಲೋಟ ಹಿಡಿದುಕೊಂಡು ಕುತೂಹಲದಿಂದ ಕಾಯುತ್ತಿದ್ದರು. ರಂಗಸ್ವಾಮಿಗೌಡರು ಭೂತಮ್ಮನ ಮುಖ ನೋಡಿದರು. ನಲವತ್ತು ವರ್ಷದಲ್ಲಿ ಅವರು ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಗೌಡರ ಕಣ್ಣಲ್ಲಿದ್ದದ್ದು ಹೆದರಿಕೆ. ಅದನ್ನು ಗುರುತಿಸಲು ಅವಳಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ.

ನಿಜ ಹೇಳುವುದು ಬಲು ಸುಲಭವಿತ್ತು. ಒಂದೇ ಸಾಲು. ಬಾಯಿ ತುದಿಯವರೆಗೂ ಬಂದಿತ್ತು. ಅದನ್ನು ಹೇಳಿದರೆ ಗೌಡರ ಮಾನ ಹಿತ್ತಲಿಗೆ ಬೀಳುತ್ತದೆ. ಸಂಜೆಯ ಹೊತ್ತಿಗೆ ತನ್ನ ಪಾತ್ರೆಪಡಗ ಲೈನಿನ ಹೊರಗೆ ಬೀಳುತ್ತವೆ. ಗೇಟು ಮಾತ್ರ ಇದ್ದ ಹಾಗೇ ಇರುತ್ತದೆ. ಭೂತಮ್ಮ ಏಳೂ ನಲವತ್ತರ ಬಸ್ಸನ್ನು ನೆನೆಸಿಕೊಂಡಳು.

'ಹೆಂಗೆ ಅಂದ್ರೆ... ಆ ಕಾಡ್ ದಾರೀಲಿ ಓಡಾಡಿ ಓಡಾಡಿ ಗೊತ್ತಾಗಿದ್ದು, ಬುದ್ಧೀ' ಎಂದಳು. 'ನಲವತ್ತೊರ್ಸ ಅದೇ ದಾರಿ. ಬಿದ್ದಿದ್ ಪುಕ್ಕ ಎತ್ಕೊಳೋದು, ಯಾವ್ದು ಅಂತ ನೋಡೋದು. ಈಗ ಗೇಟ್ ಹಾಕ್ಬುಟ್ಟವ್ರೆ. ಓಡಾಟ ನಿಂತೋದ್ರೆ ನಂಗೂ ಇದೆಲ್ಲ ಮರ್ತೋಯ್ತದೆ. ಆಮೇಲೆ ಯಾರಾದ್ರೂ ಹೆಂಗ್ ಕಲ್ತೆ ಅಂತ ಕೇಳಿದ್ರೆ, ಬಾಯಿಗ್ ಏನ್ ಬತ್ತದೋ ಅದ್ನೇ ಹೇಳ್ಬುಡ್ತೀನೇನೋ.'

ಗೌಡರು ಶಿಕಾರಿಯಲ್ಲಿ ಗುರಿ ತಪ್ಪುತ್ತಿದ್ದರೂ ಮಾತಿನ ಗುರಿ ಎಲ್ಲಿಗೆ ಎಂದು ತಿಳಿಯದಷ್ಟು ದಡ್ಡರಲ್ಲ.

'ಗೇಟಾ? ಯಾವ ಗೇಟು?' ಎಂದರು. 'ಓ, ಅದಾ! ದನ ನುಗ್ತವೆ ಅಂತ ಗಿಡ್ಡಯ್ಯ ಹಾಕ್ಸಿದ್ದು ಅದು. ದಾರಿ ಮುಚ್ಚು ಅಂತ ಯಾರ್ ಹೇಳಿದ್ರು ಅವ್ನಿಗೆ? ಜನ ಓಡಾಡೋ ದಾರಿ! ಗಿಡ್ಡಯ್ಯಾ! ಏ ಗಿಡ್ಡಯ್ಯಾ!' ಅಂಗಳದಲ್ಲಿದ್ದ ಗಿಡ್ಡಯ್ಯ ಓಡಿ ಬಂದ. ತಾನು ಮಾಡದ ತಪ್ಪಿಗೆ ಎಲ್ಲರೆದುರು ಬೈಸಿಕೊಂಡು, ಉಡಿದಾರದಿಂದ ಬೀಗದ ಕೈ ಬಿಚ್ಚುತ್ತ ವಾಪಸು ಓಡಿದ. ಬೇರೆಯವರ ತಪ್ಪಿಗೆ ಬೈಸಿಕೊಳ್ಳುವುದಕ್ಕೂ ಸೇರಿಸಿಯೇ ರೈಟರಿಗೆ ಸಂಬಳ.

ಅಧಿಕಾರಿ ಹೊಟ್ಟೆ ತುಂಬ ಉಂಡು ಹೋದರು. ಮಧ್ಯಾಹ್ನದ ಮೇಲೆ ಗೌಡರು ಅಡುಗೆಮನೆಯ ಬಾಗಿಲಿಗೆ ಬಂದರು. ಬಾಗಿಲ ಚಿಲಕವನ್ನು ಎಳೆದು ನೋಡಿದರು. 'ಜಾಣೆ ಕಣೇ ನೀನು' ಎಂದರು ಕೊನೆಗೆ.

'ಜಾಣತನ ಏನಿಲ್ಲ, ಗೌಡ್ರೇ. ಮಗೂಗೆ ಬಸ್ ಸಿಕ್ತಿರ್ಲಿಲ್ಲ' ಎಂದು ಭೂತಮ್ಮ ರೊಟ್ಟಿಯ ಕಾವಲಿ ತೊಳೆಯುವುದನ್ನು ಮುಂದುವರಿಸಿದಳು.

ಸೋಮವಾರದಿಂದ ಲೈನಿನವರೆಲ್ಲ ಮತ್ತೆ ಆ ದಾರಿಯಲ್ಲಿ ಓಡಾಡತೊಡಗಿದರು. ಮೇಘಾ ಒಂದು ದಿನವೂ ಬಸ್ಸು ತಪ್ಪಿಸಲಿಲ್ಲ. ಜನವರಿ ಮುಗಿಯುವ ಹೊತ್ತಿಗೆ ಹಾಜರಾತಿ ತೆವಳಿಕೊಂಡು ಗೆರೆ ದಾಟಿತು, ಪರೀಕ್ಷೆಯ ಹಾಲ್ ಟಿಕೆಟ್ಟು ಬರುವುದೆಂದು ಖಾತ್ರಿಯಾಯಿತು. ಗೌಡರ ಹಾಲಿನಲ್ಲಿ ಪುಕ್ಕವಿದ್ದ ಜಾಗಕ್ಕೆ ಇನ್ನೊಂದು ಕ್ಯಾಲೆಂಡರ್ ಬಂತು.

ಫೆ‌ಬ್ರುವರಿಯ ಒಂದು ಮಂಗಳವಾರ ಮೊಣಕಾಲಿನ ಔಷಧಿಗೆಂದು ಭೂತಮ್ಮನೂ ಮೇಘಾಳ ಜೊತೆ ಸಕಲೇಶಪುರಕ್ಕೆ ಹೊರಟಳು. ಕಾಡಿನೊಳಗೆ ಬಂದ ಮೇಲೆ ಮೇಘಾ ಬ್ಯಾಗಿನಿಂದ ಪತ್ರಿಕೆಯ ಒಂದು ಹಾಳೆ ತೆಗೆದಳು. ಮಡಿಸಿ, ಸುಕ್ಕಾಗದಂತೆ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಸಿದ್ದಬಸಪ್ಪ ಮೇಷ್ಟ್ರ ಲೇಖನ. ಜೊತೆಗೆ ಔತಣದ ದಿನ ಮೇಷ್ಟ್ರು ತೆಗೆದ ಭೂತಮ್ಮನ ಫೋಟೋ, ಕೈಯಲ್ಲಿ ಪುಕ್ಕ.

'ಕೇಳು ಅಜ್ಜಿ' ಎಂದು ನಡೆಯುತ್ತಲೇ ಓದಿದಳು. 'ಕಾಡಿನ ಕಾಲುದಾರಿಯಲ್ಲಿ ನಾಲ್ಕು ದಶಕ ನಡೆದು, ಉದುರಿದ ಒಂದೊಂದು ಗರಿಯನ್ನೂ ಪ್ರೀತಿಯಿಂದ ಎತ್ತಿಕೊಂಡು, ಒಂದು ಹಕ್ಕಿಗೂ ನೋವು ಮಾಡದೆ ಗಳಿಸಿದ ಜ್ಞಾನವಿದು...'

ಭೂತಮ್ಮ ನಿಂತಳು. 'ಒಂದ್ ಹಕ್ಕಿಗೂ ನೋವ್ ಮಾಡ್ದೆ ಅಂತ ಬರ್ದವ್ರಾ?'

'ಹ್ಞೂಂ.'

ಅವಳಿಗೆ ನಾಚಿಕೆಯಾಯಿತು. ಬೇರೆ ಯಾರಿಗಾದರೂ ಸುಳ್ಳು ಹೇಳಿಕೊಂಡು ಇರಬಹುದು, ಈ ಮಗುವಿಗೆ ಬೇಡ ಎನಿಸಿತು. ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟಳು. ಗೋಣಿಚೀಲ, ಹಿತ್ತಲಿನ ಕಲ್ಲು, ಚೀಲ ಬಿಚ್ಚಿದಾಗ ಇನ್ನೂ ಬಿಸಿಯಾಗಿರುತ್ತಿದ್ದ ಮೈ, ಕೆಲವು ಸಲ ಜೀವ ಹೋಗಿರದೆ ಕತ್ತು ತಾನೇ ಮುರಿಯಬೇಕಾಗುತ್ತಿದ್ದದ್ದು, ಹರಿದ ಚರ್ಮಕ್ಕೆ ಬೈಗುಳ. ಇಪ್ಪತ್ತೆಂಟು ವರ್ಷದ ಕೆಲಸ. ಅವಳು ಬೇರೆ ಯಾವ ವಿದ್ಯೆಯನ್ನೂ ಕಲಿತವಳಲ್ಲ. ಇದೊಂದನ್ನು ಚೆನ್ನಾಗಿ ಕಲಿತಿದ್ದಳು. ಅದನ್ನು ಯಾರಿಗಾದರೂ ಒಮ್ಮೆಯಾದರೂ ಹೇಳಬೇಕೆಂದು ಇಷ್ಟು ದಿನ ಆಸೆಯಿತ್ತೆಂಬುದು ಹೇಳುವಾಗಲೇ ಅವಳಿಗೆ ತಿಳಿಯಿತು.

ಮೇಘಾ ಹಾಳೆಯನ್ನು ಮಡಿಕೆಯ ಗುರುತಿನಲ್ಲೇ ಮತ್ತೆ ಮಡಿಸಿದಳು.

'ಅಜ್ಜಿ, ಇದನ್ನ ಯಾರಿಗೂ ಹೇಳ್ಬೇಡ.'

'ಗೌಡ್ರಿಗೆ ಹೆದ್ರುಕೊಂಡಾ?'

'ಅವ್ರಿಗಲ್ಲ. ಕಾಲೇಜಲ್ಲಿ ಎಲ್ಲಾರ್ಗೂ ತೋರ್ಸಿದೀನಿ. ಮೇಡಂ ನೋಟಿಸ್ ಬೋರ್ಡಿಗೆ ಹಾಕ್ಸವ್ರೆ. ಪೇಪರಲ್ಲಿ ಇರೋದು ಚೆನ್ನಾಗೈತೆ, ಅಜ್ಜಿ. ನೀನ್ ಹೇಳಿದ್ದು...' ಮೇಘಾ ನೆಲ ನೋಡಿದಳು. 'ಅದು ಚೆನ್ನಾಗಿಲ್ಲ.'

ಚೆಲುವಮ್ಮ ಬಾಯಿ ಮುಚ್ಚಿಸಿದಾಗ ಭೂತಮ್ಮನಿಗೆ ಸಿಟ್ಟು ಬಂದಿತ್ತು. ಈಗ ಸಿಟ್ಟು ಬರಲಿಲ್ಲ, ಅದಕ್ಕಿಂತ ಹೆಚ್ಚು ನೋವಾಯಿತು.

'ಆಯ್ತು ಬುಡು. ಹೇಳಾಕಿಲ್ಲ' ಎಂದಳು.

ಹೆದ್ದಾರಿಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. 'ನೀನ್ ಓಡು. ನನ್ ಕಾಲಿಗೆ ಆಗಾಕಿಲ್ಲ, ನಾನ್ ಮುಂದಿನ್ ಬಸ್ಸಿಗೆ ಬತ್ತೀನಿ.' ಮೇಘಾ ಒಮ್ಮೆ ಅಜ್ಜಿಯ ಮುಖ ನೋಡಿ, ಬ್ಯಾಗು ಎದೆಗೊತ್ತಿಕೊಂಡು ಓಡಿದಳು.

ಭೂತಮ್ಮ ಸ್ಟಾಪಿಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಟೀ ಅಂಗಡಿಯ ಕುಳ್ಳಯ್ಯ ಬೆಂಚು ಒರೆಸಿ ಕೂರಿಸಿದ. 'ಪೇಪರಲ್ಲಿ ಬಂದಿದ್ದು ನೀನೇ ಅಲ್ವೇನವ್ವ? ಗೋಡೆ ಮೇಲೆ ಅಂಟ್ಸಿದೀನಿ ನೋಡು. ಅಲ್ಲ, ಬರೀ ಪುಕ್ಕ ನೋಡಿ ಯಾವ್ ಹಕ್ಕಿ ಅಂತ ಹೇಳೋದು ಹೆಂಗ್ ಕಲ್ತೆ?'

ಅಲ್ಲಿ ಗೌಡರಿರಲಿಲ್ಲ, ಅಧಿಕಾರಿಯಿರಲಿಲ್ಲ, ಹೆದರಬೇಕಾದವರು ಯಾರೂ ಇರಲಿಲ್ಲ.

'ಕಾಡ್ ದಾರೀಲಿ ಓಡಾಡಿ ಓಡಾಡಿ ಕಣಪ್ಪ' ಎಂದಳು ಭೂತಮ್ಮ.